ಮೊಳೆತದ್ದೋ, ಚಿಗುರಿದ್ದೋ

"ಗುರುಗಳೇ, ನನ್ನ ಮನಸ್ಸಿನಲ್ಲಿ ಅಸೂಯೆ ಮೊಳೆತಿದೆ. ಅದನ್ನು ಕೀಳುವುದು ಹೇಗೆ?" ಎಂದು ಮರುಳಯ್ಯ ಕೇಳಿದ.

ಮಾರನೆಯ ದಿನ ಅವನಿಗೆ ದೀಕ್ಷೆಯಾಗುವುದಿತ್ತು. ದೀಕ್ಷೆಗೆ ಮೊದಲು ಮನಸ್ಸಿನಲ್ಲಿರುವುದನ್ನೆಲ್ಲ ಗುರುವಿನ ಮುಂದೆ ಹೇಳಿಕೊಳ್ಳಬೇಕೆಂಬುದು ಆ ಮಠದ ಕಟ್ಟಳೆ. ಹೊಸದಾಗಿ ಸೇರಿದ ಸೋಮಯ್ಯನನ್ನು ಗುರುಗಳು ಹೊಗಳಿದ ದಿನದಿಂದ ಹೀಗಾಗಿದೆ, ಅದಕ್ಕೆ ಮೊದಲು ಇಂಥದ್ದು ತನ್ನ ಹತ್ತಿರವೂ ಸುಳಿದಿರಲಿಲ್ಲ ಎಂದ. ಓದಿನಲ್ಲಿ ತನ್ನನ್ನು ಮೀರಿಸಿದ್ದ ರೇವಯ್ಯ ತನ್ನ ಚುಚ್ಚುಮಾತು ತಾಳಲಾರದೆ ಮಠ ಬಿಟ್ಟು ಹೋದ ವಿಷಯವನ್ನು ಅವನು ಎತ್ತಲಿಲ್ಲ. ಅದು ಹಳೆಯ ಮಾತು, ಯಾರಿಗೂ ಗೊತ್ತಿಲ್ಲದ ಮಾತು ಎಂದುಕೊಂಡಿದ್ದ.

"ಮೊಳೆತದ್ದೋ, ಚಿಗುರಿದ್ದೋ?" ಎಂದರು ಗುರುಗಳು.

ಮರುಳಯ್ಯನಿಗೆ ಜೀವ ಹಗುರಾಯಿತು. ಮಠದ ಪದಕೋಶ ಬರೆಯುತ್ತಿದ್ದವನು ಅವನೇ. "ಎರಡೂ ಒಂದೇ ಅಲ್ಲವೇ ಗುರುಗಳೇ? ಮೊಳೆ, ಚಿಗುರು, ಕುಡಿಯೊಡೆ, ಕೊನರು, ಅಂಕುರಿಸು, ಎಲ್ಲವನ್ನೂ ಒಂದೇ ಸಾಲಿನಲ್ಲಿ ಬರೆದಿದ್ದೇನೆ."

"ಹಾಗಾದರೆ ಅಡುಗೆಮನೆಗೆ ಹೋಗಿ, ನೆನೆಸಿಟ್ಟ ಹೆಸರುಕಾಳು ಚಿಗುರಿತೇ ಎಂದು ಕೇಳಿ ಬಾ. ಸೌಟು ಕೆಳಗಿಟ್ಟು ನಗುತ್ತಾರೆ" ಎಂದು ಹೇಳಿ ಗುರುಗಳು ಕತೆ ತೆಗೆದರು.

ಒಬ್ಬ ರೈತನಿದ್ದ. ಅವನ ಹೊಲಕ್ಕೂ ಪಕ್ಕದ ವಿಧವೆಯ ಹೊಲಕ್ಕೂ ನಡುವೆ ಒಂದು ಬೇವಿನ ಮರ. ಅದೇ ಗಡಿ. ಬೇರೆ ಕಲ್ಲಿಲ್ಲ, ಕಾಗದವಿಲ್ಲ. ವಿಧವೆಯ ವರ್ಷದ ಅನ್ನವೆಲ್ಲ ಆ ತುಂಡು ಹೊಲದಲ್ಲೇ ಬರಬೇಕು.

ಮಗಳ ಬಾಣಂತನಕ್ಕೆಂದು ಆಕೆ ಮೂರು ತಿಂಗಳು ಊರು ಬಿಟ್ಟಳು. ರೈತ ಮರ ಕಡಿದ. ಬುಡ ಅಗೆದು ತೆಗೆಯುವುದು ಹೆಣಗಾಟದ ಕೆಲಸ, ಅಷ್ಟು ಮೈ ಬಗ್ಗುವ ಆಸಾಮಿ ಅವನಲ್ಲ. ಬುಡದ ಮೇಲೆ ಮಣ್ಣೆಳೆದು ಉತ್ತುಬಿಟ್ಟ. ಬದುವನ್ನು ಆರು ಮಾರು ಆಚೆಗೆ ಸರಿಸಿ ಹಾಕಿದ. ಕಾಂಡದಲ್ಲಿ ತನ್ನ ಮನೆಗೆ ಹೊಸ ಬಾಗಿಲುವಾಡ ಮಾಡಿಸಿದ.

ವಿಧವೆ ಬಂದು ಮರವೆಲ್ಲಿ ಎಂದು ಕೇಳಿದಳು. ಗಾಳಿಗೆ ಬೇರುಸಮೇತ ಬಿತ್ತು, ಮರ ಇದ್ದದ್ದು ಈ ಬದುವಿನ ಮೇಲೆಯೇ ಎಂದು ರೈತ ಹೇಳಿದ. ಆಕೆ ಬದುವಿನ ಉದ್ದಕ್ಕೂ ಒಮ್ಮೆ ನಡೆದು ಬಂದು, ಉಳಿದಷ್ಟರಲ್ಲೇ ಬಿತ್ತನೆ ಮಾಡಿಕೊಂಡಳು.

ಒಳ್ಳೆಯ ಮಳೆ ಬಿತ್ತು. ಹೊಸ ಬದುವಿನಿಂದ ಆರು ಮಾರು ಈಚೆಗೆ, ರೈತನ ಹೊಲದೊಳಗೆ ಕೆಂಪು ಎಲೆಯೊಂದು ತಲೆಯೆತ್ತಿತು. ಅವನು ಉಗುರಿನಿಂದ ಚಿವುಟಿದ. ಮಾರನೆಯ ಬೆಳಗ್ಗೆ ಅಲ್ಲಿ ನಾಲ್ಕಿದ್ದವು. ಕುಡುಗೋಲಿನಿಂದ ಸವರಿದ. ಹತ್ತಾದವು. ಯಾರೂ ಕೇಳದಿದ್ದರೂ ಅವನು ದಾರಿಹೋಕರನ್ನು ನಿಲ್ಲಿಸಿ, ಹಕ್ಕಿ ಬೀಜ ಉದುರಿಸಿತ್ತು, ಮೊಳೆತಿದೆ ಎಂದು ಹೇಳತೊಡಗಿದ.

ಒಂದು ಮಧ್ಯಾಹ್ನ ವಿಧವೆ ಹುಲ್ಲಿನ ಹೊರೆ ಹೊತ್ತು ಆ ದಾರಿಯಲ್ಲಿ ಬಂದಳು. "ಇದ್ಯಾವಾಗ ಮೊಳೀತಪ್ಪ?" ಎಂದಳು. ಸುಮ್ಮನೆ ಕೇಳಿದ ಮಾತು.

"ಹೋದ ವಾರ ಚಿಗುರ್ತು ಕಣಕ್ಕ" ಎಂದ ರೈತ.

ಆಕೆ ಹೊರೆ ಇಳಿಸಿದಳು. "ಹಕ್ಕಿ ಬೀಜ ಅಂತಿದ್ದೆಯಲ್ಲ, ಬೀಜ ಎಲ್ಲಾದ್ರೂ ಚಿಗುರ್ತದೇನಪ್ಪ?" ಎಂದಳು. ಅವನು ಕಾಲಿನಿಂದ ಎಲೆಯ ಬುಡಕ್ಕೆ ಮಣ್ಣೆಳೆದ. ಆಕೆ ಹೊಸ ಬದುವನ್ನು ನೋಡಿದಳು, ಎಲೆಯನ್ನು ನೋಡಿದಳು, ಹೊರೆಯನ್ನು ಎತ್ತಿಕೊಂಡು ಹೋದಳು. ಪಂಚಾಯಿತಿಗೆ ಹೋಗಲಿಲ್ಲ, ಯಾರ ಮುಂದೆಯೂ ಹೇಳಲಿಲ್ಲ. ರೈತನಿಗೆ ಅದೇ ಭಯವಾಯಿತು.

ಅವನು ಮನೆಗೆ ಬಂದಾಗ ಹೆಂಡತಿ ಅಂಗಳದಲ್ಲೇ ನಿಂತಿದ್ದಳು. ಬಾಗಿಲ ಕಡೆ ಕೈ ತೋರಿಸಿದಳು. ಬಾಗಿಲುವಾಡದ ಮೇಲ್ಪಟ್ಟಿಯಲ್ಲಿ ಎರಡು ಕೆಂಪು ಎಲೆಗಳಿದ್ದವು. ಬಡಗಿ ಒಣಗಿಸಿ, ಕೊಯ್ದು, ಎಣ್ಣೆ ಹಚ್ಚಿದ ಮರ ಅದು. ಒಣಮರಕ್ಕೆ ಹೀಗಾದರೆ ಕೊನರಿತು ಎನ್ನುತ್ತಾರೆ. ಆ ಪದವೂ ನಿನ್ನ ಸಾಲಿನಲ್ಲಿದೆ, ಮರುಳಯ್ಯ.

ರೈತ ಚಿವುಟಿದ. ಬೆಳಗಾಗುವಷ್ಟರಲ್ಲಿ ಮತ್ತೆ ಬಂದವು. ಎಲೆ ನೆತ್ತಿಗೆ ತಾಗದಂತೆ ತಲೆ ತಗ್ಗಿಸಿ ತನ್ನ ಮನೆಗೆ ತಾನೇ ಹೊಕ್ಕು ಹೊರಡುವುದು ಅವನಿಗೆ ರೂಢಿಯಾಯಿತು. ಕೊನೆಗೆ ಒಂದು ದಿನ ಗುದ್ದಲಿ ಹಿಡಿದು ಹೊಲಕ್ಕೆ ಹೋದ. ಬುಡ ಅಗೆದು, ದೊಡ್ಡ ಬೇರೊಂದನ್ನು ಹಿಡಿದು ಬಿಡಿಸುತ್ತ ನಡೆದ. ಬೇರು ವಿಧವೆಯ ಹೊಲದ ಕಡೆ ಹೋಗಿರಲಿಲ್ಲ. ಅವನ ಹೊಲ ದಾಟಿತ್ತು, ದನದ ಕೊಟ್ಟಿಗೆ ದಾಟಿತ್ತು, ಅಂಗಳಕ್ಕೆ ಬಂದಿತ್ತು. ಅಲ್ಲಿ ಅದು ಅವನ ಹೊಸ್ತಿಲ ಕೆಳಗೆ ಇಳಿದಿತ್ತು.

ಗುರುಗಳು ಅಷ್ಟಕ್ಕೇ ಕತೆ ನಿಲ್ಲಿಸಿದರು.

ಕತೆ ಇಲ್ಲಿಗೇ ನಿಲ್ಲುವುದು ಮರುಳಯ್ಯನಿಗೆ ಬೇಡವಾಗಿತ್ತು. "ಆಮೇಲೆ ಗುರುಗಳೇ? ಹೊಸ್ತಿಲು ಅಗೆದನೇ?" ಎಂದು ಕೇಳಿದ.

"ಅದಿರಲಿ, ರೇವಯ್ಯ ಮಠ ಬಿಟ್ಟು ಹೋಗಿ ಎಷ್ಟು ವರ್ಷವಾಯಿತು, ಮರುಳಯ್ಯ?" ಎಂದರು ಗುರುಗಳು.