ಬಾತುಮರಿಗೆ ಕೋಳಿಯ ಮದ್ದು

ಕೆಂಪಿ ಎಂಬ ಹೇಂಟೆ, ಬಾತುಕೋಳಿಯ ಮೊಟ್ಟೆಗೆ ಕಾವು ಕೂತು ಒಂದು ಮರಿ ಮಾಡಿದ್ದಳು. ಹತ್ತನೇ ದಿನಕ್ಕೆ ಮರಿಯ ಕಣ್ಣು ಗೀಜುಗಟ್ಟಿ ಅಂಟಿಕೊಂಡವು. ಕೂಸು ಕುರುಡಾದರೆ ಗತಿಯೇನೆಂದು ಕೆಂಪಿಯ ಜೀವ ಹಾರಿಹೋದಂತಾಯಿತು. ಹಿತ್ತಲಿಗೆಲ್ಲ ವೈದ್ಯನೆನಿಸಿದ ಹುಂಜಪ್ಪನನ್ನು ಕರೆಸಿದಳು.

ಹುಂಜಪ್ಪ ಕತ್ತು ಓರೆ ಮಾಡಿ ನೋಡಿ, "ಇದು ಶೀತ. ನೀರು ಸೋಕಿಸಬೇಡ. ಮೂರು ಹೊತ್ತೂ ಮಣ್ಣಿನ ಸ್ನಾನ ಮಾಡಿಸು. ನಮ್ಮ ವಂಶ ಬದುಕಿರೋದೇ ಅದರಿಂದ" ಎಂದ.

ಕೆಂಪಿ ಚಾಚೂ ತಪ್ಪದೆ ಧೂಳು ಎರಚಿದಳು. ಎರಡು ದಿನಕ್ಕೆ ಮರಿ ಗೋಡೆಗೆ ಡಿಕ್ಕಿ ಹೊಡೆಯತೊಡಗಿತು.

ಅಷ್ಟರಲ್ಲಿ ಊರೂರು ತಿರುಗುವ ಕತ್ತೆಯೊಂದು ನೆಲದಲ್ಲಿ ಹೂತ ಬಾನಿಯ ನೀರು ಕುಡಿಯಲು ಬಂತು. ಮರಿಯನ್ನು ಕಂಡು, "ಅಕ್ಕಾ, ಈ ಕೂಸು ನೀರು ಕುಡಿಯೋದು ಎಲ್ಲಿ?" ಎಂದಿತು.

"ನನ್ನ ತಟ್ಟೆಯಲ್ಲೇ, ಅಣ್ಣಾ."

"ಅದರಲ್ಲಿ ಕೊಕ್ಕಿನ ತುದಿ ನೆನೆದರೆ ಹೆಚ್ಚು. ನಾ ಕಂಡ ಕೆರೆಗಳಲ್ಲೆಲ್ಲ ಬಾತುಗಳು ತಲೆ ಮುಳುಗಿಸಿಯೇ ಕಣ್ಣು ತೊಳ್ಕೊಳ್ತವೆ."

"ಅಲೆಮಾರಿ ಮಾತು ಕೇಳ್ತೀಯೇನೇ?" ಎಂದು ಹುಂಜಪ್ಪ ಗದರಿದ.

ಕೆಂಪಿಗೆ ನೀರೆಂದರೆ ಎದೆನಡುಕ. ಆದರೂ ಮರಿಯನ್ನು ಬಾನಿಯ ಅಂಚಿಗೆ ನೂಕಿದಳು. ಮರಿ ತಲೆ ಅದ್ದಿತು, ಎತ್ತಿತು, ಮತ್ತೆ ಅದ್ದಿತು. ಐದಾರು ಮುಳುಗಿಗೆ ಗೀಜು ಕರಗಿ ಎರಡೂ ಕಣ್ಣು ಫಳಕ್ಕನೆ ತೆರೆದವು.

"ಅವ್ವಾ, ಮತ್ತೆ ಕಾಣ್ತಿದ್ದೀ! ಎಷ್ಟು ಕೆಂಪಗಿದ್ದೀ!" ಎಂದು ಮರಿ ಬಾನಿಗಿಳಿದು ಕುಣಿದ ರಭಸಕ್ಕೆ ನೀರು ಕೆಂಪಿಯ ಮೇಲೆಲ್ಲ ಹಾರಿತು.

ಹುಂಜಪ್ಪ ಗೋಡೆ ಹತ್ತಿ, "ತೊಯ್ದು ತೊಪ್ಪೆಯಾದೆಯಲ್ಲೇ! ಓಡಿ ಬಾ!" ಎಂದು ಕೂಗಿದ.

ಕೆಂಪಿ ಕದಲಲಿಲ್ಲ. "ಇನ್ನೊಂದು ಸಲ ಮುಳುಗು ಮಗಾ," ಎಂದಳು, "ನನ್ನನ್ನು ಇನ್ನೂ ಚೆನ್ನಾಗಿ ನೋಡು."