ಉತ್ತಿಯ ದಾಟಿಹೋಗುತ್ತಿದ್ದ ಮನೆ

ಉತ್ತಿಯ ಎಂಬ ಭಿಕ್ಷು ಹೊಳೆದಂಡೆಯ ಬೌದ್ಧ ವಿಹಾರ ಸೇರಿ ಬಹಳ ಕಾಲವಾಗಿತ್ತು. ಪಾಠವನ್ನೆಲ್ಲ ಅರೆದು ಕುಡಿದಿದ್ದ. ದುಃಖವಿದೆ, ಅದಕ್ಕೆ ಕಾರಣವಿದೆ, ಅದಕ್ಕೆ ಕೊನೆಯಿದೆ, ಆ ಕೊನೆಗೆ ದಾರಿಯೂ ಇದೆ. ನಿದ್ದೆಗಣ್ಣಲ್ಲಿ ಕೇಳಿದರೂ ತಡವರಿಸದೆ ಹೇಳಿಬಿಡುತ್ತಿದ್ದ.

ಆದರೆ ಭಿಕ್ಷೆ ಮುಗಿಸಿ ಬಂದು ಊಟಕ್ಕೆ ಕೂತರೆ ತುತ್ತು ಇಳಿಯುತ್ತಿರಲಿಲ್ಲ.

ಕೊನೆಗೆ ಬೇಸತ್ತು ಗುರು ಸುಮೇಧರ ಹತ್ತಿರ ಹೋದ.

"ಭಂತೇ, ಕಾವಿ ಬಿಚ್ಚಿಟ್ಟು ಹೊರಟುಹೋಗ್ತೀನಿ. ಪಾಠ ಬಾಯಿಗೆ ಬಂತು, ದುಃಖ ಮಾತ್ರ ಹೋಗಲಿಲ್ಲ."

"ಹೋಗುವೆಯಂತೆ. ನಾಳೆ ನಾನೂ ನಿನ್ನ ಜೊತೆ ಭಿಕ್ಷೆಗೆ ಬರ್ತೀನಿ" ಎಂದರು ಸುಮೇಧರು.

ಭಿಕ್ಷೆಗೆ ಒಂದು ಪದ್ಧತಿ ಉಂಟು. ಬೀದಿಯ ಒಂದು ಮನೆಯನ್ನೂ ಬಿಡಬಾರದು. ಬಾಗಿಲ ಮುಂದೆ ಮಾತಾಡದೆ ಸ್ವಲ್ಪ ಹೊತ್ತು ನಿಲ್ಲಬೇಕು. ಹಾಕಿದರೆ ತಗೊಳ್ಳಬೇಕು, ಹಾಕದಿದ್ದರೆ ಮುಂದಕ್ಕೆ ನಡೆಯಬೇಕು. ಒಳ್ಳೆ ಸಾರಿನ ಮನೆ ಹುಡುಕಿಕೊಂಡು ಹೋಗುವಂತಿಲ್ಲ, ಬೈಯುವವರ ಮನೆ ತಪ್ಪಿಸುವಂತೆಯೂ ಇಲ್ಲ.

ಮರುದಿನ ಕುಂಬಾರರ ಬೀದಿಯಲ್ಲಿ ಉತ್ತಿಯ ಮುಂದೆ, ಗುರುಗಳು ಹಿಂದೆ. ಒಂದೊಂದೇ ಮನೆಯ ಭಿಕ್ಷೆ ಸರಿಯಾಗಿ ನಡೆಯಿತು. ಬೇವಿನಮರದ ಮನೆ ಬಂತು ನೋಡಿ, ಉತ್ತಿಯನ ಕಾಲು ಚುರುಕಾಯಿತು. ಮುಖ ಆಚೆ ತಿರುಗಿಸಿಕೊಂಡು ದಾಟಿಯೇಬಿಟ್ಟ. ಗುರುಗಳ ಕಣ್ಣು ತಪ್ಪಿಸುವುದು ಅಷ್ಟು ಸುಲಭವೇ!

"ಆ ಮನೆ ಯಾಕಪ್ಪಾ ಬಿಟ್ಟೆ?"

"ಅದು ನಮ್ಮಣ್ಣನ ಮನೆ, ಭಂತೇ." ಉತ್ತಿಯನ ದನಿ ಗಡುಸಾಯಿತು. "ನಮ್ಮವ್ವ ಸಾಯುವಾಗ ನೋಡಕ್ಕೆ ಬಂದೆ. ಮನೆ ಬಿಟ್ಟೋದವನಿಗೆ ಅವ್ವ ಎಲ್ಲಿಂದ ಬಂದಳು ಅಂತ ಹೊಸಿಲಾಚೆ ನಿಲ್ಲಿಸಿ ಕದ ಹಾಕಿಕೊಂಡ. ಒಳಗೆ ಅವ್ವ ನನ್ನನ್ನು ಕರೀತಿದ್ದಳು. ನನಗೆ ಕೇಳಿಸ್ತಿತ್ತು. ಆ ಮನೆ ಅನ್ನ ನನಗೆ ವಿಷ."

"ಸರಿ, ಅನ್ನ ಬೇಡ. ದಿನಾ ಅಲ್ಲಿಂದ ಏನು ತರ್ತೀಯ?"

"ಏನೂ ಇಲ್ಲ. ನಾನು ಅಲ್ಲಿ ನಿಲ್ಲೋದೇ ಇಲ್ಲವಲ್ಲ!"

"ಹಾಗಾದರೆ ಹೋಗಿ ನಿಂತು ಬಾ."

ಉತ್ತಿಯ ಹಲ್ಲು ಕಚ್ಚಿಕೊಂಡು ಹೋದ. ಬಾಗಿಲ ಮುಂದೆ ನಿಂತ. ಅಣ್ಣ ಹೊರಗೆ ಬಂದ, ಕೈಯೆಲ್ಲ ಜೇಡಿಮಣ್ಣು. ತಲೆ ಪೂರ್ತಿ ನರೆತಿತ್ತು. ತಮ್ಮನನ್ನು ನೋಡಿದ, ಭಿಕ್ಷಾಪಾತ್ರೆ ನೋಡಿದ. ಒಳಗೆ ಹೋಗಿ ಕದ ಹಾಕಿಕೊಂಡ.

ಪದ್ಧತಿಯಂತೆ ಉತ್ತಿಯ ಇನ್ನೂ ಸ್ವಲ್ಪ ಹೊತ್ತು ನಿಂತ. ಇಷ್ಟು ದಿನ ಮನಸ್ಸಲ್ಲೇ ಕೂಡಿಟ್ಟ ಬೈಗುಳದಲ್ಲಿ ಒಂದೂ ನೆನಪಿಗೆ ಬರಲಿಲ್ಲ. ಅವ್ವ ನೆನಪಾದಳು. ಅಲ್ಲೇ, ಬಾಗಿಲ ಮುಂದೆಯೇ, ಅತ್ತುಬಿಟ್ಟ.

ತಿರುಗಿ ಬಂದಾಗ ಗುರುಗಳು ಕೇಳಿದರು, "ಏನು ಹಾಕಿದ?"

"ಏನೂ ಇಲ್ಲ, ಭಂತೇ. ಪಾಪ, ಅವನಿಗೂ ವಯಸ್ಸಾಗಿಬಿಟ್ಟಿದೆ."

ಆ ಮಧ್ಯಾಹ್ನ ಉತ್ತಿಯ ಒಂದಗುಳೂ ಬಿಡದೆ ಉಂಡ. ಹೊಳೆಯಲ್ಲಿ ಪಾತ್ರೆ ತೊಳೆಯುತ್ತಾ ಕೇಳಿದ, "ಭಂತೇ, ನಾಳೆಯೂ ಅವನ ಬಾಗಿಲಲ್ಲಿ ನಿಲ್ಲಬೇಕೇ? ಅವನು ಏನೂ ಹಾಕೋದಿಲ್ಲ."

ಸುಮೇಧರು ನಕ್ಕರು.

"ನಿಲ್ಲದೆ ದಾಟಿಹೋದ ದಿನವೆಲ್ಲ ನೀನು ಅಲ್ಲಿಂದ ಹೊರೆ ಹೊತ್ತು ತಂದೆ. ಇವತ್ತು ನಿಂತು, ಬರಿಗೈಲಿ ಬಂದೆ. ನಾಳೆಯೂ ನಿಲ್ಲು."