ಕೋಣನ ಹೊಟ್ಟೆ ಮುಟ್ಟಿದ ನೀರು

ಹೊನ್ನೆಮರಗಳ ಕಾಡಿನಲ್ಲಿ ಒಂದು ಕೊಳವಿತ್ತು. ಅದನ್ನು ಎಲ್ಲರೂ ಕನ್ನಡಿಕೊಳ ಅನ್ನುತ್ತಿದ್ದರು. ಹೆಸರಷ್ಟೇ ಕನ್ನಡಿ! ನೀರು ಕೆಂಪಗೆ ಕದಡಿಕೊಂಡಿರುತ್ತಿತ್ತು, ಒಳಗೆ ಏನಿದೆ ಎಂದು ಯಾರಿಗೂ ಕಾಣುತ್ತಿರಲಿಲ್ಲ.

ಆ ಕೊಳದ ಯಜಮಾನ ಕೊಂಬಯ್ಯ ಎಂಬ ಕೋಣ. ಅಲ್ಲಿ ಹಿಂದಿನಿಂದ ಬಂದ ಒಂದು ಪದ್ಧತಿ ಇತ್ತು. ಪ್ರತಿ ಹುಣ್ಣಿಮೆಯ ಬೆಳಗ್ಗೆ ಯಜಮಾನ ಕೊಳದ ನಟ್ಟನಡುವೆ ಹೋಗಿ ನಿಲ್ಲಬೇಕು. ನೀರು ಅವನ ಹೊಟ್ಟೆ ಮುಟ್ಟಿದರೆ ಕೊಳ ತುಂಬಿದೆ ಎಂದು ಲೆಕ್ಕ. ಆಗ ಎಲ್ಲರೂ ಸೇರಿ ಅವನಿಗೆ ಎಳೆಯ ತಾವರೆ ದಂಟಿನ ಕಾಣಿಕೆ ಕೊಡುತ್ತಿದ್ದರು. ಮುಟ್ಟದಿದ್ದರೆ ಕಾಣಿಕೆ ಇಲ್ಲ. ಯಜಮಾನನೂ ಸೇರಿ ಎಲ್ಲರೂ ಮೂಲೆಯ ಒರತೆಗೆ ಇಳಿದು, ತುಂಬಿಕೊಂಡ ಕೆಸರು ತೆಗೆಯಬೇಕು. ಕೆಸರು ತೆಗೆದರೆ ಒರತೆ ಮತ್ತೆ ಉಕ್ಕುತ್ತಿತ್ತು.

ಅಳತೆ ನೋಡಿ ಕೂಗುವ ಕೆಲಸ ಕಪ್ಪೆ ವಟವಟಪ್ಪನದು. ಅವನನ್ನು ಆ ಕೆಲಸಕ್ಕೆ ಇಟ್ಟವನು ಕೊಂಬಯ್ಯ. ಕೂರಲು ಅಗಲವಾದ ತಾವರೆ ಎಲೆ ಕೊಟ್ಟವನೂ ಕೊಂಬಯ್ಯ. ಅಳೆಯುವ ಕಾಲೂ ಅವನದೇ, ತಿನ್ನುವ ಬಾಯಿಯೂ ಅವನದೇ! ಇಂಥ ಏರ್ಪಾಡು ಮಾಡಿದ ಹಿರಿಯರಿಗೆ ಏನು ಹೇಳೋಣ, ನೀವೇ ಹೇಳಿ ಮಕ್ಕಳೇ.

ಆ ವರ್ಷ ಬಿಸಿಲು ಬೇಗ ಬಂತು. ಹುಣ್ಣಿಮೆಯ ದಿನ ಕೊಂಬಯ್ಯ ನೀರಿಗಿಳಿದು ನೋಡುತ್ತಾನೆ, ನೀರು ಹೊಟ್ಟೆಗಿಂತ ಕೆಳಗಿದೆ! 'ಅಯ್ಯೋ, ದಂಟೂ ಹೋಯಿತು, ಮೇಲೆ ಕೆಸರು ಬೇರೆ ಹೊರಬೇಕು' ಎಂದುಕೊಂಡ. ದಡದತ್ತ ಒಮ್ಮೆ ಕಣ್ಣು ಹಾಯಿಸಿ ಮೆಲ್ಲಗೆ ಮಂಡಿಯೂರಿದ. ಕದಡಿದ ನೀರಿನಲ್ಲಿ ಮಂಡಿ ಯಾರಿಗೆ ಕಾಣಬೇಕು? ನೀರು ಬಂದು ಹೊಟ್ಟೆಗೆ ತಾಗಿತು.

ಎದುರಿಗೇ ಕೂತಿದ್ದ ವಟವಟಪ್ಪನಿಗೆ ಎಲ್ಲ ಗೊತ್ತಾಯಿತು. ಅವನು ಪಿಸುದನಿಯಲ್ಲಿ ಕೇಳಿದ, "ಒಡೆಯರೇ, ಎಷ್ಟು ಅಂತ ಕೂಗಲಿ?"

"ಎಷ್ಟು ಅಂತ ಕೂಗಿದರೆ ಚೆನ್ನಾಗಿರುತ್ತೆ?"

"ಹೊಟ್ಟೆ ಅಂದರೆ..."

"ಭೇಷ್! ಅದಕ್ಕೇ ನಿನಗೆ ಅಷ್ಟು ಅಗಲದ ಎಲೆ ಕೊಟ್ಟಿರೋದು."

"ಹೊಟ್ಟೆ ಮುಟ್ಟಿದೆ! ನೀರು ಹೊಟ್ಟೆ ಮುಟ್ಟಿದೆ!" ಎಂದು ವಟವಟಪ್ಪ ಕೂಗಿದ. ದಡದಲ್ಲಿ ಎಲ್ಲರೂ ಹೋ ಎಂದರು. ಕೊಂಬಯ್ಯ ಕರಕರ ದಂಟು ಜಗಿದ.

ಮುಂದಿನ ಹುಣ್ಣಿಮೆಗೆ ನೀರು ಇನ್ನೂ ಇಳಿಯಿತು. ಕೊಂಬಯ್ಯ ಇನ್ನಷ್ಟು ಕುಗ್ಗಿದ. ಕೂಗು ಮಾತ್ರ ಅದೇ. ಬೇಲಿಯೇ ಎದ್ದು ಹೊಲ ಮೇಯುವಾಗ ಹೊಲ ಯಾರಿಗೆ ದೂರು ಕೊಡಬೇಕು?

ಕೊಳದ ಅಂಚಿನ ಜೊಂಡಿನಲ್ಲಿ ಚಿಗರಮ್ಮ ಎಂಬ ನೀರುಕೋಳಿ ಗೂಡು ಕಟ್ಟಿ ಮೊಟ್ಟೆ ಇಟ್ಟಿದ್ದಳು. ಸುತ್ತ ನೀರಿದ್ದರೆ ಆ ಗೂಡಿಗೆ ನರಿ ಬರಲಾರದು. ಒಂದು ಬೆಳಗ್ಗೆ ಅವಳು ನೋಡುತ್ತಾಳೆ, ಗೂಡಿನ ಕೆಳಗೆ ನೀರೇ ಇಲ್ಲ, ಬರೀ ಕೆಸರು! ಆ ಕೆಸರಿನ ಮೇಲೆ ನರಿಯ ಹೆಜ್ಜೆಗಳು ಗೂಡಿನ ಹತ್ತಿರದವರೆಗೂ ಬಂದಿವೆ. ಕೆಸರು ಇನ್ನೂ ಹಸಿಯಾಗಿ ಕಾಲು ಹೂತುಹೋಗುತ್ತಿದ್ದದ್ದಕ್ಕೆ ನರಿ ಹಿಂದೆ ಹೋಗಿತ್ತು, ಅಷ್ಟೇ. ಒಣಗಿದರೆ ಮೊಟ್ಟೆಗಳ ಕತೆ ಮುಗಿಯಿತು.

ಅವಳು ಗೆಂಡೆ ಮೀನಿನ ಬಳಿ ಓಡಿದಳು. "ಗೆಂಡೆಯಣ್ಣ, ನೀರು ಇಳಿದಿದೆ. ಒರತೆ ಬಗೆಯಬೇಕು, ಎಲ್ಲರನ್ನೂ ಕರಿ!"

ಗೆಂಡೆಯ ಬೆನ್ನು ಆಗಲೇ ನೀರಿನ ಮೇಲೆ ಬಿಸಿಲು ಕಾಯುತ್ತಿತ್ತು. ಆದರೂ ಅವನು ಹೇಳಿದ, "ಇಳಿದಿದ್ದರೆ ವಟವಟಪ್ಪ ಹೇಳುತ್ತಿರಲಿಲ್ಲವೇ? ಹೊಟ್ಟೆ ಮುಟ್ಟಿದೆ ಅಂದಿದ್ದಾನಲ್ಲ!"

"ನಿನ್ನ ಬೆನ್ನು ಒಣಗಿದೆಯಲ್ಲೋ ಮಾರಾಯ!"

"ನಾನೇ ಈಚೆಗೆ ಸ್ವಲ್ಪ ದಪ್ಪಗಾಗಿದ್ದೇನೆ ಅನ್ನಿಸುತ್ತೆ" ಎಂದ ಗೆಂಡೆ.

ಇಂಥವರ ಹತ್ತಿರ ಏನು ಮಾತಾಡುವುದು? ಚಿಗರಮ್ಮ ನೇರ ಕಪ್ಪೆಯ ಎಲೆಗೇ ಹಾರಿದಳು. "ತಮ್ಮಾ, ನಿಜ ಹೇಳು. ನೀರು ಎಷ್ಟಿದೆ?"

ವಟವಟಪ್ಪ ಅತ್ತಿತ್ತ ನೋಡಿ ಅಳುಮೋರೆ ಮಾಡಿದ. "ಅಕ್ಕಾ, ಅವರು ಮಂಡಿಯೂರಿ ಕೂರುತ್ತಾರೆ. ಹೇಳಿದರೆ ನನ್ನ ಎಲೆ ಹೋಗುತ್ತೆ. ಎಲೆಯಿಲ್ಲದ ಕಪ್ಪೆಯ ಮಾತನ್ನು ಯಾರು ಕೇಳುತ್ತಾರೆ?"

"ನನ್ನ ಮಕ್ಕಳು ಹೋಗುತ್ತವಲ್ಲೋ, ಅದಕ್ಕೇನು ಹೇಳುತ್ತೀಯ?"

ವಟವಟಪ್ಪ ತಲೆ ತಗ್ಗಿಸಿದ.

ಚಿಗರಮ್ಮ ಕೊಂಬಯ್ಯನ ಹತ್ತಿರವೂ ಹೋಗಿ ಗೋಗರೆದಳು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. "ನೀರಿಲ್ಲ ಅನ್ನೋರು ಕೊಳಕ್ಕೆ ಕೆಟ್ಟ ಹೆಸರು ತರುವವರು. ಇನ್ನೊಮ್ಮೆ ಅಂದರೆ ಗೂಡು ಸಮೇತ ಆಚೆಗೆ!" ಎಂದು ಅವನು ಕೊಂಬು ಝಾಡಿಸಿದ.

ಚಿಗರಮ್ಮ ಆ ಹೊತ್ತು ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು ಯೋಚಿಸಿದಳು. 'ಬೈದರೆ ಇವನು ಏಳುವುದಿಲ್ಲ. ಹೊಗಳಿದರೆ ಎದ್ದಾನು.'

ಹುಣ್ಣಿಮೆ ಬಂತು. ಕೊಂಬಯ್ಯ ನಡುವೆ ಹೋಗಿ ಗುಟ್ಟಾಗಿ ಮಂಡಿಯೂರಿದ. ವಟವಟಪ್ಪ ಇನ್ನೇನು ಬಾಯಿ ತೆರೆಯಬೇಕು, ಕೊಳದ ಮೇಲೆ ಚಾಚಿದ್ದ ಅತ್ತಿಮರದ ಟೊಂಗೆಯಿಂದ ಚಿಗರಮ್ಮನ ದನಿ ಕೇಳಿತು.

"ತಡಿ ತಮ್ಮಾ! ಇಂಥ ಬಿಸಿಲಿನಲ್ಲೂ ಕೊಳ ತುಂಬಿಸಿಟ್ಟ ಯಜಮಾನರಿಗೆ ಬರೀ ದಂಟು ಸಾಕೇ? ಇವತ್ತು ಹಾರ ಹಾಕೋಣ!"

ಅವಳ ಕಾಲ್ಬೆರಳುಗಳಿಂದ ತಾವರೆ ಹೂವಿನ ಹಾರ ತೂಗುತ್ತಿತ್ತು. "ಹಾಕಿ, ಹಾಕಿ!" ಎಂದು ದಡದವರೆಲ್ಲ ಕುಣಿದರು. ಕೊಂಬಯ್ಯನ ಮೂಗು ಅರಳಿತು.

"ತಲೆ ಸ್ವಲ್ಪ ಎತ್ತಿ, ಒಡೆಯರೇ."

ಅವನು ಕತ್ತು ಚಾಚಿದ. ಹಾರ ಕೊಂಬಿಗೆ ಸಿಗಲಿಲ್ಲ.

"ಇನ್ನೊಂಚೂರು! ಆಹಾ, ಎಂಥ ಗಾಂಭೀರ್ಯ! ಇನ್ನೊಂದೇ ಚೂರು!"

ಹೊಗಳಿಕೆ ತಲೆಗೇರಿದರೆ ಕಾಲಿನ ನೆನಪಿರುತ್ತದೆಯೇ? ಕೊಂಬಯ್ಯ ಎದ್ದೇಬಿಟ್ಟ! ಧಡಾರನೆ ನೆಟ್ಟಗೆ ನಿಂತು ಹಾರದೊಳಗೆ ಕೊಂಬು ತೂರಿಸಿ, ಕಣ್ಣು ಮುಚ್ಚಿ, ಚಪ್ಪಾಳೆಗೆ ಕಾದ.

ಚಪ್ಪಾಳೆ ಬರಲಿಲ್ಲ. ಅವನ ಹೊಟ್ಟೆ ಒಣಗಾಳಿಯಲ್ಲಿ ತೂಗುತ್ತಿತ್ತು. ಕೆಳಗೆ ಕೆಸರು ಮೆತ್ತಿದ ಕಾಲುಗಳು ಕಂಡವು. ನೀರು ಮಂಡಿಯ ಹತ್ತಿರ ತಳಮಳಿಸುತ್ತಿತ್ತು.

ಎಲ್ಲರೂ ವಟವಟಪ್ಪನ ಕಡೆ ನೋಡಿದರು. ಕೊಂಬಯ್ಯ ಕಣ್ಣು ಬಿಟ್ಟು ಅವನನ್ನೇ ದುರುಗುಟ್ಟಿದ. "ಕೂಗೋ! ಹೊಟ್ಟೆ ಅಂತ ಕೂಗು! ಎಲೆ ಕೊಟ್ಟವರು ಯಾರು ಅನ್ನೋದು ಮರೆತೆಯಾ?"

ವಟವಟಪ್ಪನ ಗಂಟಲು ಉಬ್ಬಿತು, ಇಳಿಯಿತು. ಅವನು ಟೊಂಗೆಯ ಮೇಲಿನ ಚಿಗರಮ್ಮನನ್ನು ನೋಡಿದ. ಆಮೇಲೆ ಕಾಡೆಲ್ಲ ಕೇಳುವ ಹಾಗೆ ಕೂಗಿದ.

"ಮಂಡಿ! ನೀರು ಮಂಡಿಗಿದೆ! ಹೋದ ಸಲವೂ ಹೊಟ್ಟೆ ಮುಟ್ಟಿರಲಿಲ್ಲ, ಅದರ ಹಿಂದಿನ ಸಲವೂ ಮುಟ್ಟಿರಲಿಲ್ಲ! ಎಲೆ ನಿಮ್ಮದಲ್ಲ ಕೊಂಬಯ್ಯ, ಎಲೆ ಕೊಳದ್ದು!"

ಅಬ್ಬಾ! ಆ ಪುಟ್ಟ ಗಂಟಲಿನಲ್ಲಿ ಅಷ್ಟು ದೊಡ್ಡ ದನಿ ಎಲ್ಲಿತ್ತೋ!

"ಹಾಗಾದರೆ ನಾನು ದಪ್ಪಗಾಗಿಲ್ಲ!" ಎಂದು ಗೆಂಡೆ ಚೀರಿದ. ದಡದಲ್ಲಿ ನಗು, ಸಿಟ್ಟು, ಗದ್ದಲ. ಎಲ್ಲರೂ ಒರತೆಯ ಕಡೆ ಧಾವಿಸಿದರು. ಆಮೆಗಳು ಕಲ್ಲು ದೂಡಿದವು, ಏಡಿಗಳು ಬೇರು ಕತ್ತರಿಸಿದವು. ಉಪ್ಪು ತಿಂದವನು ನೀರು ಕುಡಿಯಲೇಬೇಕು ತಾನೇ? ಎಲ್ಲರಿಗಿಂತ ಹೆಚ್ಚು ಕೆಸರು ಎತ್ತಿದವನು ಕೊಂಬಯ್ಯ, ಕೊಂಬಿನಲ್ಲಿ ಹಾರ ಹಾಗೇ ಇತ್ತು.

ಸಂಜೆಯ ಹೊತ್ತಿಗೆ ಒರತೆ ಬುಳಬುಳನೆ ಉಕ್ಕಿತು. ತಣ್ಣನೆಯ ನೀರು ಜೊಂಡಿನ ಸುತ್ತ ಹರಿದು ಬಂತು. ಅಷ್ಟರಲ್ಲೇ ನಾಲಿಗೆ ಚಪ್ಪರಿಸುತ್ತ ಬಂದ ನರಿ ಗೂಡಿಗೆಂದು ಕಾಲಿಟ್ಟರೆ ಗುಳುಂ! ಮೂಗಿನವರೆಗೂ ಮುಳುಗಿ, ಕೆಮ್ಮುತ್ತ, ಬಾಲ ಮುದುರಿ ಓಡಿತು. ಕೆಲವು ದಿನಕ್ಕೆ ಮೊಟ್ಟೆ ಒಡೆದು ಕರಿ ಉಂಡೆಯಂಥ ಮರಿಗಳು ಅಮ್ಮನ ಹಿಂದೆ ಸಾಲಾಗಿ ಈಜಿದವು. ಚಿಗರಮ್ಮನ ಹಿಗ್ಗು ಹೇಳತೀರದು.

ಕೊಳದವರು ಪದ್ಧತಿಯನ್ನೇ ಬದಲಿಸಿದರು. ಅಳತೆಗೂ ಕಾಣಿಕೆಗೂ ಇದ್ದ ನಂಟು ಕಡಿದರು. ಯಜಮಾನ ನಿಂತಾಗ ಮೀನುಗಳು ಮುಳುಗಿ, ಕಾಲು ನೆಟ್ಟಗಿದೆಯೇ ಎಂದು ಮುಟ್ಟಿ ನೋಡಬೇಕು. ಕೂಗುವವನ ಎಲೆಯನ್ನು ಯಜಮಾನ ಕೀಳುವಂತಿಲ್ಲ.

ಮುಂದಿನ ಹುಣ್ಣಿಮೆಗೆ ವಟವಟಪ್ಪ ಯಾರ ಮುಖವನ್ನೂ ನೋಡದೆ ನೀರನ್ನಷ್ಟೇ ನೋಡಿ ಕೂಗಿದ, "ಹೊಟ್ಟೆಗೆ ಒಂದು ಗೇಣು ಕಮ್ಮಿ!"

ಕಮ್ಮಿ ಎಂದು ಕೇಳಿಯೂ ಕೊಳವೆಲ್ಲ ಜಯಕಾರ ಹಾಕಿತು. ಎಲ್ಲರೂ ಖುಷಿಯಿಂದಲೇ ಕೆಸರಿಗೆ ಇಳಿದರು.

ನೀತಿ: ಅಳತೆಯಿಂದ ಲಾಭ ಪಡೆಯುವ ಅಧಿಕಾರಿಯ ಕೈಗೇ ಅಳತೆಯನ್ನು ಕೊಡಬಾರದು, ಅಂಜದೆ ಹೇಳಿದ ಕಹಿಸತ್ಯ ಎಲ್ಲರನ್ನೂ ಉಳಿಸುತ್ತದೆ.